ಹೊಟ್ಟೆಯ ನೀರಿಗೆ ಆಪರೇಷನ್ ಮಾಡಿಸಿದರೆ ಮುಂದೇನು? ದಾವಣಗೆರೆಯ ಓಪಿಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಹೊಟ್ಟೆಯ ಆಪರೇಷನ್ ಮಾಡುವ ವೈದ್ಯ. ಲಿವರ್ ಸಿರೋಸಿಸ್ ಆಗಿ ಹೊಟ್ಟೆಯಲ್ಲಿ ನೀರು ತುಂಬಿದವರು ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಿಹರದ ಕಡೆಯಿಂದ ಬರುತ್ತಾರೆ. ಜತೆಗೆ ಬಂದ ಮಗ, ಮಗಳು, ಹೆಂಡತಿ, ಅಳಿಯ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಅವರಾಡಿದ ಮಾತಿನಲ್ಲೇ ಇಟ್ಟಿದ್ದೇನೆ.

ಅಪ್ಪಾಜಿ ಹೊಟ್ಟೇಲಿ ನೀರು ತುಂಬ್ತಾನೇ ಇದೆ ಸಾರ್. ಆಪರೇಷನ್ ಮಾಡಿ ಒಂದೇ ಸಲಕ್ಕೆ ತೆಗೆದುಬಿಡಕ್ಕೆ ಆಗಲ್ವಾ?

ತುಂಬಿದ ನೀರನ್ನು ತೆಗೆಯಬಹುದು. ಆದರೆ ಅದರ ಒರತೆ ಇರುವುದು ಹೊಟ್ಟೆಯಲ್ಲಲ್ಲ, ಲಿವರ್‌ನಲ್ಲಿ. ಕರುಳಿನಿಂದ ಬರುವ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಲಿವರ್ ದಾಟಿ ಹೃದಯಕ್ಕೆ ಹೋಗಬೇಕು. ಸಿರೋಸಿಸ್ ಆದ ಲಿವರ್ ಗಾಯದ ಕಲೆಗಟ್ಟಿ ಗಡುಸಾಗಿರುತ್ತದೆ, ರಕ್ತ ಸಲೀಸಾಗಿ ದಾಟುವುದಿಲ್ಲ. ಹಿಂದೆ ಒತ್ತಡ ಏರುತ್ತದೆ. ಕರುಳಿನ ಸುತ್ತಲಿನ ರಕ್ತನಾಳಗಳು ಹಿಗ್ಗುತ್ತವೆ, ಬೇಕಾದ ಕಡೆ ರಕ್ತ ಕಮ್ಮಿ ಬೀಳುತ್ತದೆ. ಮೂತ್ರಪಿಂಡ ಇದನ್ನು ನೋಡಿ ದೇಹದಲ್ಲಿ ನೀರೇ ಸಾಲುತ್ತಿಲ್ಲ ಎಂದು ತಿಳಿದು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪಿನ ಹಿಂದೆ ನೀರೂ ನಿಲ್ಲುತ್ತದೆ, ಹಾಗೆ ನಿಂತದ್ದು ಹೊಟ್ಟೆಗೆ ಜಿನುಗುತ್ತದೆ.

ಆದ್ದರಿಂದ ಯಾವ ಆಪರೇಷನ್ ಹೆಸರು ಹೇಳಿದರೂ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ. ನೀರು ನಿಲ್ಲುತ್ತದೆಯೇ? ಆಯಸ್ಸು ಹೆಚ್ಚುತ್ತದೆಯೇ? ಮೊದಲನೆಯದಕ್ಕೆ ಹೌದು ಎಂದು ಉತ್ತರ ಬಂದರೆ ಎರಡನೆಯದಕ್ಕೂ ಹೌದು ಎಂದೇ ಮನೆಯವರು ತಿಳಿದುಬಿಡುತ್ತಾರೆ. ನಾನು ಕಂಡ ದುಃಖದಲ್ಲಿ ಅರ್ಧ ಅಲ್ಲಿಂದಲೇ ಹುಟ್ಟಿದ್ದು.

ನೀರು ಕಾಣಿಸಿಕೊಳ್ತು ಅಂದ್ರೆ ಕಾಯಿಲೆ ಎಷ್ಟು ಮುಂದೆ ಹೋಗಿದೆ?

ಬಹಳ ಮುಂದೆ. ಸಿರೋಸಿಸ್ ಇದ್ದೂ ನೀರು, ರಕ್ತವಾಂತಿ, ಕಾಮಾಲೆ ಯಾವುದೂ ಇಲ್ಲದವರು ಹತ್ತಾರು ವರ್ಷ ಬಾಳುವುದುಂಟು. ನೀರು ಕಾಣಿಸಿಕೊಂಡ ಮೇಲೆ ಲೆಕ್ಕ ಬೇರೆ. ಮೊದಲ ವರ್ಷದಲ್ಲೇ 100ರಲ್ಲಿ 15ರಿಂದ 20 ಜನ ತೀರಿಕೊಳ್ಳುತ್ತಾರೆ, 5 ವರ್ಷದ ಹೊತ್ತಿಗೆ ಅರ್ಧದ ಹತ್ತಿರ. ಮಾತ್ರೆಗೂ ಬಗ್ಗದ ನೀರಾದರೆ ಒಂದು ವರ್ಷ ದಾಟುವವರು ಸುಮಾರು ಅರ್ಧ ಮಾತ್ರ.

ಹೆದರಿಸಲು ಈ ಅಂಕಿ ಹೇಳುತ್ತಿಲ್ಲ. ಲಿವರ್ ಕಸಿಯ ಮಾತನ್ನು ಮೊದಲ ಸಲ ನೀರು ಕಂಡಾಗಲೇ ಎತ್ತಬೇಕು. ನಮ್ಮ ಕಡೆ ಆ ಮಾತು ಹೊರಡುವುದು ಐದನೇ ಸಲ ನೀರು ತೆಗೆಸಿ, ಮೂತ್ರ ಕಮ್ಮಿಯಾಗಿ, ಮೈ ಸೊರಗಿದ ಮೇಲೆ. ಆಗ ಬೆಂಗಳೂರಿನಲ್ಲಿ "ಆರು ತಿಂಗಳು ಮುಂಚೆ ಬಂದಿದ್ದರೆ" ಎನ್ನುತ್ತಾರೆ. ಆ ಮಾತು ಕೇಳಿ ಮರಳಿ ಬಂದ ಮಕ್ಕಳ ಮುಖ ನನಗೆ ಮರೆಯುವುದಿಲ್ಲ.

ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಯಾವಾಗ ಹೇಳ್ತೀರಿ?

ಉಪ್ಪು ನಿಜವಾಗಿ ಕಮ್ಮಿ ಮಾಡಿ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಗಳಾದ ಸ್ಪೈರೊನೊಲ್ಯಾಕ್ಟೋನ್ ದಿನಕ್ಕೆ 400 ಮಿಲಿಗ್ರಾಂ, ಫ್ಯುರೊಸಮೈಡ್ 160 ಮಿಲಿಗ್ರಾಂವರೆಗೆ ಏರಿಸಿದರೂ ನೀರು ಇಳಿಯದಿದ್ದರೆ. ಇಲ್ಲವೇ ಅಷ್ಟು ಏರಿಸುವ ಮೊದಲೇ ಮೂತ್ರಪಿಂಡ ಸೋಲುವುದನ್ನು ತೋರಿಸುವ ಕ್ರಿಯಾಟಿನಿನ್ ಏರಿ, ಸೋಡಿಯಂ ಕುಸಿದು, ಮಂಕು ಕವಿದು ಮಾತ್ರೆ ನಿಲ್ಲಿಸಬೇಕಾಗಿ ಬಂದರೆ. ನಮ್ಮಲ್ಲಿ ಹೆಚ್ಚು ಕಾಣುವುದು ಈ ಎರಡನೆಯದೇ.

ಆದರೆ ಆ ಹಣೆಪಟ್ಟಿ ಹಚ್ಚುವ ಮುಂಚೆ ನಾನು ಊಟ ವಿಚಾರಿಸುತ್ತೇನೆ. ಇಡೀ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ ಮಟ್ಟ. "ಉಪ್ಪೇ ತಿನ್ನಲ್ಲ ಸಾರ್" ಅನ್ನುವವರು ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ತಿಂದಿರುತ್ತಾರೆ. ನಮ್ಮೂರಲ್ಲಿ ಮಂಡಕ್ಕಿ ತಿನ್ನದೆ ಸಂಜೆ ಕಳೆಯುವುದು ಕಷ್ಟ, ಬಲ್ಲೆ. ಆದರೆ ಮಂಡಕ್ಕಿಯ ಅಕ್ಕಿಗೆ ಹುರಿಯುವ ಮುಂಚೆಯೇ ಉಪ್ಪು ಹಿಡಿಸಿರುತ್ತಾರೆ, ಮೇಲೆ ಒಗ್ಗರಣೆಯ ಉಪ್ಪು ಬೇರೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಬೇಕರಿ ತಿಂಡಿಯದೂ ಇದೇ ಕತೆ. ಪುಣ್ಯಕ್ಕೆ ಜೋಳದ ರೊಟ್ಟಿ, ರಾಗಿ ಮುದ್ದೆ ಉಪ್ಪಿಲ್ಲದೆಯೇ ಆಗುವ ಊಟ. ಸಾರು, ಪಲ್ಯದಲ್ಲಿ ಹಿಡಿತ ಇಟ್ಟರೆ ಸಾಕು.

ಇನ್ನೊಂದು, ನೋವಿನ ಮಾತ್ರೆ. ಮಂಡಿನೋವಿಗೆಂದು ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ನುಂಗುತ್ತಿದ್ದರೆ ಯಾವ ನೀರಿನ ಮಾತ್ರೆಯೂ ಕೆಲಸ ಮಾಡುವುದಿಲ್ಲ, ಮೂತ್ರಪಿಂಡವೂ ಕೈಕೊಡುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ದಿನಕ್ಕೆ 2 ಗ್ರಾಂ ಮೀರದಂತೆ.

ಸೂಜಿ ಹಾಕಿ ಪದೇ ಪದೇ ನೀರು ತೆಗೆಸಿದ್ರೆ ಶಕ್ತಿ ಎಲ್ಲಾ ಹೋಗಿಬಿಡುತ್ತೆ ಅಂತಾರಲ್ಲ?

ಭಯ ಪೂರ್ತಿ ಸುಳ್ಳಲ್ಲ, ನೀರಿನ ಜತೆ ಪ್ರೋಟೀನೂ ಹೋಗುತ್ತದೆ. ಆದರೂ ಬಿಗಿದ ಹೊಟ್ಟೆಗೆ ತಕ್ಷಣದ ಆರಾಮ ಟ್ಯಾಪಿಂಗೇ. 5 ಲೀಟರಿಗಿಂತ ಹೆಚ್ಚು ತೆಗೆದರೆ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ (ರಕ್ತದ ಪ್ರೋಟೀನ್) ಡ್ರಿಪ್‌ನಲ್ಲಿ ಕೊಡಲೇಬೇಕು. 8 ಲೀಟರ್ ತೆಗೆದರೆ ಶೇಕಡಾ 20ರ 100 ಎಂಎಲ್ ಬಾಟಲಿ ಮೂರು ಬೇಕಾಗುತ್ತದೆ. ದುಬಾರಿ ಎಂದು ಬಿಟ್ಟರೆ ಬಿಪಿ ಕುಸಿದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಆಲ್ಬುಮಿನ್‌ಗೆ ದುಡ್ಡು ಹೊಂದದ ದಿನ ಕಮ್ಮಿ ನೀರು ತೆಗೆಸಿಕೊಂಡು ಮನೆಗೆ ಹೋಗುವುದು ಮೇಲು. ಟ್ಯಾಪಿಂಗ್‌ನಿಂದ ಕಾಯಿಲೆ ವಾಸಿಯಾಗದು, ಆದರೆ ಬೇರೆ ದಾರಿ ಸಿಗುವವರೆಗೆ ಮನುಷ್ಯ ಕೂತು ಉಣ್ಣುವಂತೆ, ಮಲಗುವಂತೆ ಮಾಡುತ್ತದೆ.

ಹೊಟ್ಟೆಯಿಂದ ಕುತ್ತಿಗೆಗೆ ಪೈಪ್ ಹಾಕೋ ಆಪರೇಷನ್ ಇದೆಯಂತೆ. ಅದು ಶಾಶ್ವತ ಪರಿಹಾರ ಅಲ್ವಾ?

ಈ ಪ್ರಶ್ನೆಗೆ ಸ್ವಲ್ಪ ಇತಿಹಾಸ ಬೇಕು. ಅಮೆರಿಕದ ಸರ್ಜನ್ ಹ್ಯಾರಿ ಲೆವೀನ್ 1974ರಲ್ಲಿ ಒಂದು ಶಂಟನ್ನು ಬೆಳಕಿಗೆ ತಂದರು. ಹೊಟ್ಟೆಯೊಳಗಿಂದ ಒಂದು ಕೊಳವೆ, ಎದೆಯ ಚರ್ಮದಡಿ ಹಾದು ಕುತ್ತಿಗೆಯ ದೊಡ್ಡ ರಕ್ತನಾಳದೊಳಗೆ. ನಡುವೆ ಒಂದೇ ಕಡೆ ತೆರೆಯುವ ಕವಾಟ. ಹೊಟ್ಟೆಯ ನೀರು ತಾನಾಗಿ ರಕ್ತಕ್ಕೆ ಮರಳುತ್ತದೆ. ಆಮೇಲೆ ಬಂದ ಡೆನ್ವರ್ ಶಂಟ್‌ನಲ್ಲಿ ಪಕ್ಕೆಲುಬಿನ ಮೇಲೆ ಚರ್ಮದಡಿ ಪುಟ್ಟ ಪಂಪ್, ರೋಗಿಯೇ ದಿನವೂ ಒತ್ತಿಕೊಳ್ಳುವಂಥದ್ದು. ಪ್ರೋಟೀನ್ ನಷ್ಟವಿಲ್ಲ, ಮೂತ್ರ ಚೆನ್ನಾಗಿ ಹೋಗುತ್ತದೆ, ಸೊಂಟದ ಸುತ್ತಳತೆ ದಿನದಿನಕ್ಕೂ ಇಳಿಯುತ್ತದೆ. ಆ ಕಾಲದ ಸರ್ಜನ್‌ಗಳಿಗೆ ಎಷ್ಟು ಆಸೆ ಹುಟ್ಟಿತ್ತೆಂದು ನನ್ನ ಗುರುಗಳ ಬಾಯಲ್ಲಿ ಕೇಳಿದ್ದೇನೆ.

ಆಮೇಲೆ ವರ್ಷಗಟ್ಟಲೆ ನೋಡಿದಾಗ ಏನಾಯಿತು? ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕುಡಿತದಿಂದ ಸಿರೋಸಿಸ್ ಆದ 299 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಬಿಗಿಯಾದ ಔಷಧಿ ಚಿಕಿತ್ಸೆ, ಇನ್ನೊಂದಕ್ಕೆ ಶಂಟ್ ಕೊಟ್ಟರು. 1989ರಲ್ಲಿ ಬಂದ ಫಲಿತಾಂಶ: ಶಂಟ್ ಹಾಕಿಸಿಕೊಂಡವರಿಗೆ ನೀರು ಬೇಗ ಇಳಿಯಿತು, ಮತ್ತೆ ತುಂಬುವುದೂ ತಡವಾಯಿತು. ಬದುಕಿದ ಕಾಲ ಮಾತ್ರ ಎರಡೂ ಗುಂಪಿನಲ್ಲಿ ಒಂದೇ. 1991ರಲ್ಲಿ ಸ್ಪೇನ್‌ನ ವೈದ್ಯರು ಶಂಟನ್ನು ಆಲ್ಬುಮಿನ್ ಸಹಿತ ಟ್ಯಾಪಿಂಗ್ ಜತೆ ಹೋಲಿಸಿದರು. ಅಲ್ಲೂ ಆಯಸ್ಸು ಹೆಚ್ಚಲಿಲ್ಲ, ಶಂಟ್ ಕಟ್ಟಿಕೊಂಡು ಮುಚ್ಚಿಹೋದವರೇ ಬಹಳ.

ಕೊಳವೆ ಕಟ್ಟಿಕೊಳ್ಳುವುದಷ್ಟೇ ಅಲ್ಲ. ಹೊಟ್ಟೆಯ ನೀರು ನೇರ ರಕ್ತ ಸೇರಿದರೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಅಸ್ತವ್ಯಸ್ತವಾಗಿ ಎಲ್ಲೆಂದರಲ್ಲಿ ರಕ್ತ ಸೋರಬಹುದು. ನೀರಿನಲ್ಲಿ ಸೋಂಕಿದ್ದರೆ ಅದೂ ನೆತ್ತರಿಗೆ ನುಗ್ಗುತ್ತದೆ. ಹೃದಯದ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ. ವರ್ಷಗಳ ಮೇಲೆ ಕುತ್ತಿಗೆ, ಎದೆಯ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಹೊಟ್ಟೆಯೊಳಗೆ ಪೊರೆ ದಪ್ಪಗಟ್ಟಿ ಕರುಳನ್ನು ಬಿಗಿಯಬಹುದು, ಮುಂದೆ ಕಸಿ ಮಾಡುವವರಿಗೆ ಅದು ದೊಡ್ಡ ತೊಡಕು. ಹಾಗಾಗಿ ಈಗ ಶಂಟ್ ಬಲು ಅಪರೂಪ. ಕಸಿಯೂ ಆಗದ, ಮುಂದೆ ಹೇಳುವ ಟಿಪ್ಸ್ ಎಂಬ ಚಿಕಿತ್ಸೆಯೂ ಆಗದ, ಹೊಟ್ಟೆ ತುಂಬ ಹಳೆಯ ಗಾಯದ ಕಲೆಗಳಿದ್ದು ಸೂಜಿಯನ್ನೂ ಸರಿಯಾಗಿ ಹಾಕಲಾಗದ ಒಬ್ಬಿಬ್ಬರಿಗೆ ಮಾತ್ರ. ಯಾರಾದರೂ ಇದನ್ನೇ ಶಾಶ್ವತ ಎಂದು ಮಾರಲು ಬಂದರೆ ಮೇಲಿನ ಎರಡನೇ ಪ್ರಶ್ನೆ, ಆಯಸ್ಸು ಹೆಚ್ಚುತ್ತದೆಯೇ ಎಂದು ಕೇಳಿ.

ರಕ್ತನಾಳಾನೇ ತಿರುಗಿಸಿ ಜೋಡಿಸೋ ದೊಡ್ಡ ಆಪರೇಷನ್ನು?

ಪೋರ್ಟಲ್ ರಕ್ತನಾಳವನ್ನು ನೇರವಾಗಿ ದೊಡ್ಡ ಅಭಿಧಮನಿಗೆ ಹೊಲಿಯುವ ಪೋರ್ಟೊಕೇವಲ್ ಶಂಟ್. ನೀರು ನಿಲ್ಲಿಸುವುದರಲ್ಲಿ ಗಟ್ಟಿ. ಆದರೆ ಕರುಳಿನ ರಕ್ತ ಲಿವರ್ ದಾಟದೆ ಮಿದುಳಿಗೆ ಹೋದರೆ ಏನಾಗುತ್ತದೆಂದು ಬಹಳ ಹಿಂದೆಯೇ ಗೊತ್ತಾಗಿತ್ತು. 1877ರಲ್ಲಿ ರಷ್ಯಾದ ನಿಕೊಲಾಯ್ ಎಕ್ ನಾಯಿಗಳಲ್ಲಿ ಈ ಜೋಡಣೆ ಮಾಡಿದರು. 1893ರಲ್ಲಿ ಪಾವ್ಲೊವ್ ಮತ್ತು ಜತೆಗಾರರು ಅಂಥ ನಾಯಿಗಳಿಗೆ ಮಾಂಸ ಹಾಕಿದಾಗ ಅವು ತೂರಾಡಿ, ಪ್ರಜ್ಞೆ ತಪ್ಪಿದ್ದನ್ನು ಬರೆದಿಟ್ಟರು. ಮನುಷ್ಯರಲ್ಲೂ ಅದೇ ಆಯಿತು: ಹೊಟ್ಟೆ ಇಳಿಯಿತು, ಮಂಕು ಹಿಡಿಯಿತು, ಲಿವರ್ ಇನ್ನಷ್ಟು ಸೋತಿತು. ಬರೀ ನೀರಿಗಾಗಿ ಇದನ್ನು ಈಗ ಮಾಡುವುದಿಲ್ಲ.

ಹಂಗಾದ್ರೆ ಟಿಪ್ಸ್ ಅಂತಾರಲ್ಲ, ಅದು ಏನು? ಎಷ್ಟು ವರ್ಷ ಬಾಳಿಕೆ?

ಅದೇ ತತ್ವ, ಹೊಟ್ಟೆ ಕೊಯ್ಯದೆ. ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ, ಲಿವರ್‌ನೊಳಗೇ ಪೋರ್ಟಲ್ ನಾಳಕ್ಕೂ, ಲಿವರ್‌ನಿಂದ ರಕ್ತ ಹೊರಹೋಗುವ ಹೆಪಾಟಿಕ್ ನಾಳಕ್ಕೂ ನಡುವೆ ದಾರಿ ಕೊರೆದು 8ರಿಂದ 10 ಮಿಲಿಮೀಟರಿನ ಸ್ಟೆಂಟ್ ಇಡುತ್ತಾರೆ. ಮಾಡುವವರು ಸರ್ಜನ್ ಅಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಮನುಷ್ಯರಲ್ಲಿ ಲೋಹದ ಸ್ಟೆಂಟ್ ಇಟ್ಟು ಮೊದಲು ಮಾಡಿದ್ದು 1988ರಲ್ಲಿ, ಜರ್ಮನಿಯ ಫ್ರೈಬರ್ಗ್‌ನಲ್ಲಿ.

ಮೊದಮೊದಲ ಬರಿ ಲೋಹದ ಸ್ಟೆಂಟ್‌ಗಳು ವರ್ಷದೊಳಗೇ ಕಿರಿದಾಗುತ್ತಿದ್ದವು. ಈಗಿನವಕ್ಕೆ ಒಳಹೊದಿಕೆ ಇದೆ, ಬಹಳ ಕಾಲ ತೆರೆದಿರುತ್ತವೆ. ಆಯಸ್ಸಿನ ಲೆಕ್ಕ ಬದಲಾದದ್ದೂ ಇಲ್ಲಿಂದಲೇ. 2017ರಲ್ಲಿ ಫ್ರಾನ್ಸ್‌ನ ವೈದ್ಯರು ಪದೇ ಪದೇ ಟ್ಯಾಪಿಂಗ್ ಬೇಕಾಗುತ್ತಿದ್ದ 62 ಜನರನ್ನು ಎರಡು ಗುಂಪು ಮಾಡಿದ್ದರು. ಕಸಿಯಿಲ್ಲದೆ ಒಂದು ವರ್ಷ ದಾಟಿದವರು ಹೊದಿಕೆಯ ಟಿಪ್ಸ್ ಗುಂಪಿನಲ್ಲಿ ಶೇಕಡಾ 93, ಟ್ಯಾಪಿಂಗ್ ಗುಂಪಿನಲ್ಲಿ ಶೇಕಡಾ 52. ಮಂಕು ಎರಡರಲ್ಲೂ ಸುಮಾರು ಮೂರನೇ ಒಂದು ಭಾಗದವರಿಗೆ.

ಇಷ್ಟು ಓದಿ ಹಾರಿಬೀಳಬೇಡಿ. ಅವರು ಆರಿಸಿ ತೆಗೆದ ರೋಗಿಗಳು, ಲಿವರ್ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದ್ದವರು. ಕಾಮಾಲೆ ತೋರಿಸುವ ಬಿಲಿರುಬಿನ್ 3 ದಾಟಿದೆ, ಪ್ಲೇಟ್‌ಲೆಟ್ 75 ಸಾವಿರಕ್ಕಿಂತ ಕೆಳಗಿದೆ, ಹೃದಯ ಸೋತಿದೆ, ಮೊದಲೇ ಮಂಕು ಬಂದುಹೋಗುತ್ತಿದೆ ಅಂದರೆ ಅದೇ ಟಿಪ್ಸ್ ಮನುಷ್ಯನನ್ನು ಬೇಗ ಕರೆದೊಯ್ಯಬಹುದು. ಆದ್ದರಿಂದ ಹೃದಯದ ಎಕೋ ಮಾಡಿಸದೆ, ಬಿಲಿರುಬಿನ್ ನೋಡದೆ ದಿನ ಗೊತ್ತು ಮಾಡಬೇಡಿ. ಟಿಪ್ಸ್ ಆದ ಮೇಲೂ ನೀರು ಮರುದಿನವೇ ಇಂಗುವುದಿಲ್ಲ, ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಉಪ್ಪಿನ ಪಥ್ಯ ಮುಂದುವರಿಯಬೇಕು. ಸ್ಟೆಂಟ್ ತೆರೆದಿದೆಯೇ ಎಂದು ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತಿರಬೇಕು. ಇದಕ್ಕೆ ಪ್ರತಿ ಸಲ ಬೆಂಗಳೂರಿಗೆ ಹೋಗಬೇಕಿಲ್ಲ, ದಾವಣಗೆರೆಯಲ್ಲೇ ಆಗುತ್ತದೆ.

ಮಂಕು ಅಂದ್ರೆ ಮನೇಲಿ ನಮಗೆ ಹೆಂಗೆ ಗೊತ್ತಾಗುತ್ತೆ?

ಮೊದಲು ನಿದ್ದೆ ತಿರುಗುಮುರುಗಾಗುತ್ತದೆ, ಹಗಲೆಲ್ಲ ತೂಕಡಿಕೆ, ರಾತ್ರಿ ಎಚ್ಚರ. ಲೆಕ್ಕ ತಪ್ಪುತ್ತದೆ. ಹತ್ತಿಯ ವ್ಯಾಪಾರ ಮಾಡಿಕೊಂಡಿದ್ದ ಒಬ್ಬರ ಹೆಂಡತಿ ಅದನ್ನು ಎಲ್ಲರಿಗಿಂತ ಮೊದಲು ಹಿಡಿದದ್ದು ಅವರ ಕೈಬರಹ ನೋಡಿ: "ಇದು ಇವರ ಅಕ್ಷರ ಅಲ್ರೀ ಡಾಕ್ಟ್ರೇ" ಎಂದು ಚೀಟಿ ತಂದು ತೋರಿಸಿದರು. ಕೈ ಮುಂದೆ ಚಾಚಿಸಿದರೆ ಅಂಗೈ ಹಕ್ಕಿಯ ರೆಕ್ಕೆಯ ಹಾಗೆ ಬಡಿಯುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗುವಷ್ಟು ಲ್ಯಾಕ್ಟುಲೋಸ್ ಕೊಡಬೇಕು. ಮಲಬದ್ಧತೆಗೆ ಬಿಡಲೇಬೇಡಿ. ಹಾಗೆಂದು ಬೇಳೆ, ಮೊಸರು, ಮೊಟ್ಟೆ ನಿಲ್ಲಿಸಬೇಡಿ. ಈಗ ಸಿರೋಸಿಸ್ ರೋಗಿಗೆ ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತೇವೆ. ರಾತ್ರಿ ಮಲಗುವ ಮುಂಚೆಯೂ ಏನಾದರೂ ತಿನ್ನಿಸಿ.

ಮಂಕಿನ ಜತೆ ಜ್ವರ, ಹೊಟ್ಟೆನೋವು ಇದ್ದರೆ ನೀರಿಗೆ ಸೋಂಕು ತಗಲಿರಬಹುದು. ಅದು ಬೆಳಗಾಗುವವರೆಗೆ ಕಾಯುವ ವಿಷಯವಲ್ಲ, ಆ ರಾತ್ರಿಯೇ ಕರೆತನ್ನಿ.

ಲಿವರ್ ಕಸಿ ಮಾಡಿಸಿದ್ರೆ ನೀರು ಪೂರ್ತಿ ಹೋಗುತ್ತಾ?

ಹೋಗುತ್ತದೆ, ಏಕೆಂದರೆ ಒರತೆಯನ್ನೇ ಬದಲಿಸುತ್ತೇವೆ. ಮೊದಲ ಕೆಲ ವಾರ ಡ್ರೈನ್‌ನಲ್ಲಿ ನೀರು ಬರುತ್ತಿದ್ದರೆ ಗಾಬರಿ ಬೇಡ. ಸರ್ಜನ್ ಮಾಡುವ ಆಪರೇಷನ್‌ಗಳಲ್ಲಿ ಎರಡೂ ಪ್ರಶ್ನೆಗೆ ಹೌದು ಎನ್ನುವುದು ಇದೊಂದೇ. ಒಳ್ಳೆಯ ಕೇಂದ್ರಗಳಲ್ಲಿ ಒಂದು ವರ್ಷ ದಾಟುವವರು 100ಕ್ಕೆ 85ರಿಂದ 90, 5 ವರ್ಷ ದಾಟುವವರು 70ರಿಂದ 75. ಔಷಧಿಗೆ ಬಗ್ಗದ ನೀರಿನ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

ಬೆಲೆಯೂ ಇದೆ. ಟ್ಯಾಕ್ರೊಲಿಮಸ್‌ನಂಥ ಮಾತ್ರೆ ಜೀವನಪೂರ್ತಿ, ಗಂಟೆ ತಪ್ಪದೆ. ಅದರಿಂದ ಸೋಂಕು ಬೇಗ ಅಂಟುತ್ತದೆ, ವರ್ಷಗಳು ಕಳೆದಂತೆ ಸಕ್ಕರೆ, ಬಿಪಿ, ಮೂತ್ರಪಿಂಡದ ತೊಂದರೆ, ಕೆಲವು ಕ್ಯಾನ್ಸರ್‌ಗಳ ಸಂಭವ ಹೆಚ್ಚು. ಚೆನ್ನಾಗಿದ್ದೇನೆಂದು ಮಾತ್ರೆ ಬಿಟ್ಟರೆ ಹೊಸ ಲಿವರನ್ನು ದೇಹ ತಿರಸ್ಕರಿಸುತ್ತದೆ.

ಕಸಿಯ ಸರದಿಗೆ ಬಳಸುವ ಮೆಲ್ಡ್ ಅಂಕ ಮುಖ್ಯವಾಗಿ ಬಿಲಿರುಬಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ), ಕ್ರಿಯಾಟಿನಿನ್ ನೋಡಿ ಲೆಕ್ಕ ಹಾಕುವಂಥದ್ದು, ಅಂಕ ಹೆಚ್ಚಿದಷ್ಟೂ ಕಾಯಿಲೆ ಜೋರು. ಹೊಟ್ಟೆಯ ನೀರು ಅದರೊಳಗೆ ಬರುವುದಿಲ್ಲ. ಹಾಗಾಗಿ ಅಂಕ 13 ಇದ್ದೂ ತಿಂಗಳಿಗೆ ಎರಡು ಸಲ ನೀರು ತೆಗೆಸುವವರು ಕಾಗದದ ಮೇಲೆ ಗಟ್ಟಿಯಾಗಿ ಕಾಣುತ್ತಾರೆ, ನಿಜದಲ್ಲಿ ಹಾಗಿರುವುದಿಲ್ಲ. ಅಂಕ ಕಮ್ಮಿ ಇದೆಯಲ್ಲ ಎಂದು ಸುಮ್ಮನಿರಬೇಡಿ.

ಲಿವರ್ ಯಾರು ಕೊಡಬಹುದು? ಕೊಟ್ಟವರ ಗತಿ ಏನು?

1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಗಂಡ ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು. ರಕ್ತದ ಗುಂಪು ಹೊಂದಬೇಕು, 18 ತುಂಬಿರಬೇಕು, ಲಿವರ್‌ನಲ್ಲಿ ಕೊಬ್ಬು ಕಮ್ಮಿ ಇರಬೇಕು. ಸಾಮಾನ್ಯವಾಗಿ ಬಲಭಾಗ, ಅಂದರೆ ಸುಮಾರು ಶೇಕಡಾ 60 ತೆಗೆಯುತ್ತಾರೆ. ಉಳಿದದ್ದು ಎರಡು ಮೂರು ತಿಂಗಳಲ್ಲಿ ಹೆಚ್ಚುಕಮ್ಮಿ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಆದರೂ ಅಪಾಯವೇ ಇಲ್ಲ ಎನ್ನಬೇಡಿ. ದಾನಿಯ ಸಾವು ಸಾವಿರಕ್ಕೆ 5ರ ಒಳಗೆ, ಆದರೆ ಸೊನ್ನೆಯಲ್ಲ. ಮನೆಯ ಒತ್ತಾಯಕ್ಕೆ ಸೊಸೆಯನ್ನೋ ಮಗಳನ್ನೋ ಮುಂದೆ ತಳ್ಳುವುದನ್ನು ಕಂಡಿದ್ದೇನೆ. ದಾನಿಯನ್ನು ಒಂಟಿಯಾಗಿ ಕೂರಿಸಿ ಕೇಳುತ್ತೇವೆ. ಆಗ ಅವರು ಬೇಡವೆಂದರೆ ಅದು ಕೊನೆಯ ಮಾತು.

ಮೆದುಳು ನಿಷ್ಕ್ರಿಯಗೊಂಡವರ ಅಂಗಕ್ಕೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಸರದಿಯಲ್ಲಿ ಕಸಿ ಆಸ್ಪತ್ರೆಯ ಮೂಲಕ ಹೆಸರು ಬರೆಸಬೇಕು.

ಕುಡಿತ ಬಿಟ್ಟರೆ ಆಪರೇಷನ್ನೇ ಬೇಡವಾಗಬಹುದಾ?

ಆಗಬಹುದು! ಇದನ್ನು ಹೇಳುವಾಗ ನನಗೆ ಈಗಲೂ ಸಂತೋಷವಾಗುತ್ತದೆ. ಪೂರ್ತಿ ಬಿಟ್ಟ ಕೆಲವರಲ್ಲಿ ತಿಂಗಳುಗಳ ಮೇಲೆ ನೀರೇ ನಿಂತಿದೆ, ಮಾತ್ರೆಯೂ ಇಳಿದಿದೆ. ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್ ಅಥವಾ ಎಂಟೆಕವಿರ್, ಸಿ ಇದ್ದವರಿಗೆ ಕೆಲವೇ ತಿಂಗಳ ಮಾತ್ರೆ. 2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಉಚಿತ. ವಾರಕ್ಕೊಂದೇ ಪೆಗ್ ಅನ್ನುವುದು ಬಿಟ್ಟಂತಲ್ಲ.

ಹೊಕ್ಕುಳು ನಿಂಬೆಹಣ್ಣಿನಷ್ಟು ಉಬ್ಬಿದೆ. ಅದನ್ನ ಮೊದಲು ಹೊಲಿಸಿಬಿಡೋಣ್ವಾ?

ಹೊಟ್ಟೆಯಲ್ಲಿ ನೀರಿರುವ ಐವರಲ್ಲಿ ಒಬ್ಬರಿಗೆ ಈ ಹರ್ನಿಯಾ. ನೀರು ತುಂಬಿರುವಾಗಲೇ ಹೊಲಿದರೆ ಗಾಯದಿಂದ ನೀರು ಸೋರಿ, ಸೋಂಕಾಗಿ, ಹರ್ನಿಯಾ ಮರಳುತ್ತದೆ. ನೀರು ಹತೋಟಿಗೆ ತಂದು ಹೊಲಿಯಬೇಕು. ಕಸಿ ಹತ್ತಿರವಿದ್ದರೆ ಅದರ ಜತೆಗೇ ಆಗಲಿ. ಅಲ್ಲಿಯವರೆಗೆ ಹೊಟ್ಟೆಗೆ ಪಟ್ಟಿ ಕಟ್ಟಿ. ಮೇಲಿನ ಚರ್ಮ ತೆಳ್ಳಗೆ ಹೊಳೆಯುತ್ತಿದ್ದರೆ, ಕಪ್ಪಾಗಿದ್ದರೆ, ಹನಿ ಹನಿ ನೀರು ಒಸರಿದರೆ ಅಥವಾ ಒಳಗೆ ಹೋಗದೆ ನೋಯುತ್ತಿದ್ದರೆ ಅದೇ ದಿನ ಬನ್ನಿ. ಒಡೆದ ಮೇಲೆ ಮಾಡುವ ಆಪರೇಷನ್‌ನಲ್ಲಿ ಸಾವು ಎಷ್ಟೋ ಪಟ್ಟು ಹೆಚ್ಚು.

ಅವ್ವಗೆ ಎಪ್ಪತ್ತೆರಡು. ಕಸಿ ಬೇಡ ಅಂತಾಳೆ. ಹಂಗಂದ್ರೆ ನಾವು ಕೈಬಿಟ್ಟಂಗಾ?

ಖಂಡಿತ ಇಲ್ಲ. ಅವ್ವನ ಮಾತಿಗೆ ಬೆಲೆ ಕೊಟ್ಟಂತೆ. ತಿಂಗಳು ತಿಂಗಳು ಟ್ಯಾಪಿಂಗ್, ಉಸಿರಿಗೆ, ನಿದ್ದೆಗೆ, ತುರಿಕೆಗೆ ಚಿಕಿತ್ಸೆ, ಕೊನೆಯ ತಿಂಗಳುಗಳಲ್ಲಿ ಬೇಕಾದರೆ ಮನೆಯಲ್ಲೇ ಸ್ವಲ್ಪ ಸ್ವಲ್ಪ ನೀರು ಬಿಡುವ ಸಣ್ಣ ಕೊಳವೆ. ಸೋಂಕಿನ ಭಯ ಇದೆ, ಆದರೆ ಆ ಹಂತದಲ್ಲಿ ಆಸ್ಪತ್ರೆಗೆ ಅಲೆದಾಡುವುದು ತಪ್ಪುತ್ತದೆ. ಆಯಸ್ಸು ಹೆಚ್ಚದಿದ್ದರೂ ಅವ್ವ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಮೊಮ್ಮಕ್ಕಳ ಜತೆ ಮಾತಾಡಲು ಆಗುವುದು ದೊಡ್ಡ ಫಲವೇ.

ದುಡ್ಡಿಗೆ ಏನ್ ಮಾಡೋದು?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮೊದಲು ಮಾಡಿಸಿ. ಬಿಪಿಎಲ್ ಕುಟುಂಬಗಳಿಗೆ ಅಂಗಾಂಗ ಕಸಿಯ ನೆರವು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಇದೆ. ಯಾವ ಆಸ್ಪತ್ರೆಯಲ್ಲಿ, ಎಷ್ಟು ಎಂಬುದನ್ನು ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೇಳಿ. ಹೊಲ ಮಾರುವ ಮಾತು ಅದಾದ ಮೇಲೆ.

ಬೆಂಗಳೂರಿಗೆ ತೋರಿಸಕ್ಕೆ ಹೋಗುವಾಗ ಏನೇನು ತಗೊಂಡು ಹೋಗ್ಬೇಕು?

ಹೆಪಟೈಟಿಸ್ ಬಿ, ಸಿ ರಿಪೋರ್ಟ್, ಎಂಡೋಸ್ಕೋಪಿ, ಎಕೋ, ಸಿಟಿಯ ಸಿಡಿ, ಮೊದಲ ಟ್ಯಾಪಿಂಗ್‌ನ ನೀರಿನ ಪರೀಕ್ಷೆ, ನುಂಗುತ್ತಿರುವ ಎಲ್ಲ ಮಾತ್ರೆಗಳು, ನಾಟಿ ಔಷಧಿ ತೆಗೆದುಕೊಂಡಿದ್ದರೆ ಅದರ ಪೊಟ್ಟಣವೂ. ಬೈಯುತ್ತಾರೆಂದು ಮುಚ್ಚಿಡಬೇಡಿ. ದಾನ ಕೊಡಲು ಮನಸ್ಸಿರುವವರೂ ಜತೆಗೆ ಹೋದರೆ ಒಂದು ಓಡಾಟ ಉಳಿಯುತ್ತದೆ. ಬಿಗಿದ ಹೊಟ್ಟೆಯಲ್ಲಿ ಅಷ್ಟು ದೂರ ಕೂತು ಹೋಗುವುದು ಹಿಂಸೆ, ಹಿಂದಿನ ದಿನವೇ ಇಲ್ಲಿ ಸ್ವಲ್ಪ ನೀರು ತೆಗೆಸಿಕೊಂಡು ಹೊರಡಿ.

ಒಂದು ನೋಟ್‌ಬುಕ್ಕೂ ಇರಲಿ. ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ನೋಡಿದ ತೂಕ, ಯಾವ ದಿನ ಎಷ್ಟು ಲೀಟರ್ ತೆಗೆದರು, ಎಷ್ಟು ಆಲ್ಬುಮಿನ್ ಕೊಟ್ಟರು. ಹರಿಹರದ ಒಬ್ಬ ಹುಡುಗಿ, ಪಿಯುಸಿ ಓದುತ್ತಿದ್ದವಳು, ತನ್ನಪ್ಪನ ಹದಿನಾಲ್ಕು ತಿಂಗಳ ತೂಕವನ್ನು ಹಾಗೆ ಬರೆದಿಟ್ಟಿದ್ದಳು. ಕಸಿ ತಂಡದವರು ಎಲ್ಲ ಫೈಲು ಬದಿಗಿಟ್ಟು ಮೊದಲು ಓದಿದ್ದು ಅದನ್ನೇ.